ಮಹಾಮಾರಿ ಕಾಲದಲ್ಲಿ ಮಕ್ಕಳ ಬ್ಯಾಕ್ಟೀರಿಯಾ ಸೋಂಕುಗಳು ಎಲ್ಲಿ ಹೋಗಿದ್ದವು?

ಮಕ್ಕಳ ವೈದ್ಯೆ:
ಕೊರೊನಾ ಬಗ್ಗೆ ಎಲ್ಲ ಕಡೆ ಬೇಕಾದಷ್ಟು ಚರ್ಚೆ ಆಗಿದೆ. ಅದೇ ಹೊತ್ತಿಗೆ ಮಕ್ಕಳ ವಾರ್ಡುಗಳಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಅದರ ಬಗ್ಗೆ ಮಾತಾಡಿದವರು ಕಡಿಮೆ. ಹಾಗಾಗಿ ಈ ಚರ್ಚೆ ಶುರು ಮಾಡುತ್ತಿದ್ದೇನೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಮಾರಿ ಅಂತ ಕರೆಯಿತು. ಕೆಲವೇ ವಾರಗಳಲ್ಲಿ ಮಕ್ಕಳ ವಾರ್ಡುಗಳು ಖಾಲಿಯಾದವು. ಕೊರೊನಾ ಹೆಚ್ಚಿನ ಮಕ್ಕಳನ್ನು ಅಷ್ಟಾಗಿ ಕಾಡಲಿಲ್ಲ, ಅದು ಸರಿ. ಆದರೆ ವರ್ಷ ವರ್ಷ ಬರುತ್ತಿದ್ದ ನ್ಯುಮೋನಿಯಾ ಮಕ್ಕಳೂ ಬರಲಿಲ್ಲ. ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಗೆ ತಗಲುವ ಸೋಂಕು, ಅದೂ ಕಡಿಮೆಯಾಯಿತು.

ಇದು ಬರೀ ಅನಿಸಿಕೆ ಅಲ್ಲ. 26 ದೇಶ ಮತ್ತು ಪ್ರಾಂತ್ಯಗಳ ಪ್ರಯೋಗಾಲಯಗಳು ಸೇರಿ ಇದನ್ನು ಲೆಕ್ಕ ಹಾಕಿದವು. 2021ರಲ್ಲಿ ಫಲಿತಾಂಶ ಬಂತು. ನ್ಯುಮೊಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜೆ, ಮೆನಿಂಗೊಕಾಕಸ್, ಈ ಮೂರೂ ಬ್ಯಾಕ್ಟೀರಿಯಾಗಳ ದೊಡ್ಡ ಸೋಂಕುಗಳು ಒಟ್ಟೊಟ್ಟಿಗೆ ಇಳಿದಿದ್ದವು. ಜನರ ಓಡಾಟ ನಿಂತ 4 ವಾರಕ್ಕೆ ನ್ಯುಮೊಕಾಕಸ್ ಸೋಂಕು ಶೇ 68ರಷ್ಟು, 8 ವಾರಕ್ಕೆ ಶೇ 82ರಷ್ಟು ಕಡಿಮೆ. ಎಲ್ಲ ವಯಸ್ಸಿನವರೂ ಸೇರಿದ ಲೆಕ್ಕ ಇದು.

ಈಗ ನನ್ನ ಆತಂಕ ಹೇಳುತ್ತೇನೆ. ಸಂಖ್ಯೆ ಇಳಿಯಿತು ಅಂತ ಅಪಾಯವೂ ಇಳಿಯಿತು ಅಂದುಕೊಂಡವರು ಬಹಳ ಜನ. ಜ್ವರ ಬಂದ ಮಗುವನ್ನು ಎಲ್ಲರೂ ಕೊರೊನಾ ಅನ್ನುವ ಒಂದೇ ಕಣ್ಣಿನಿಂದ ನೋಡತೊಡಗಿದರು. ಬ್ಯಾಕ್ಟೀರಿಯಾ ಎಲ್ಲಿಗೂ ಹೋಗಿರಲಿಲ್ಲ. ಮುಂದೆ ಇನ್ನೊಂದು ಮಹಾಮಾರಿ ಬಂದಾಗ ಇದು ನೆನಪಿರಬೇಕು ಅನ್ನುವುದು ನನ್ನ ಆಸೆ. ನಿಮ್ಮ ಅನುಭವ, ಪ್ರಶ್ನೆ, ಭಿನ್ನಾಭಿಪ್ರಾಯ ಎಲ್ಲ ಬರೆಯಿರಿ.

ಎರಡು ಮಕ್ಕಳ ಅಮ್ಮ:
ಮಾಸ್ಕ್ ಹಾಕಿದೆವು, ಶಾಲೆ ಮುಚ್ಚಿತು, ಬ್ಯಾಕ್ಟೀರಿಯಾ ಹರಡಲಿಲ್ಲ. ಅಷ್ಟೇ ಅಲ್ವಾ ಮೇಡಂ?

ಲ್ಯಾಬ್ ಕೆಲಸಗಾರ:
ಎಲ್ಲರೂ ಹಾಗೇ ಅಂದುಕೊಂಡಿದ್ದರು. ನಾನು ಸೂಕ್ಷ್ಮಜೀವಿ ಲ್ಯಾಬಿನಲ್ಲಿ ಕೆಲಸ ಮಾಡುವವನು, ಈ ಭಾಗ ನಾನು ಹೇಳುತ್ತೇನೆ.

ನ್ಯುಮೊಕಾಕಸ್ ಅನ್ನುವುದು ಆರೋಗ್ಯವಾಗಿರುವ ಚಿಕ್ಕ ಮಕ್ಕಳ ಮೂಗಿನ ಹಿಂಭಾಗದಲ್ಲೇ ಇರುತ್ತದೆ. ಸುಮ್ನೆ ಇರುತ್ತದೆ, ಏನೂ ಮಾಡುವುದಿಲ್ಲ. ಎಷ್ಟೋ ಮಕ್ಕಳ ಮೂಗಿನಲ್ಲಿ ಅದು ಬಂದು ಹೋಗುತ್ತಲೇ ಇರುತ್ತದೆ. ಇಸ್ರೇಲಿನ ಸಂಶೋಧಕರು ಮಹಾಮಾರಿಯ ಹೊತ್ತಿನಲ್ಲೂ ಮಕ್ಕಳ ಮೂಗಿನಿಂದ ಸ್ವಾಬ್ ತೆಗೆದು ನೋಡಿದರು. ರಕ್ತದ ಸೋಂಕು, ನ್ಯುಮೋನಿಯಾ ಚೆನ್ನಾಗಿ ಇಳಿದಿದ್ದವು. ಆದರೆ ಮೂಗಿನಲ್ಲಿ ನ್ಯುಮೊಕಾಕಸ್ ಇದ್ದ ಮಕ್ಕಳ ಪ್ರಮಾಣ ಹೆಚ್ಚೇನೂ ಬದಲಾಗಿರಲಿಲ್ಲ!

ಅಂದರೆ ಬ್ಯಾಕ್ಟೀರಿಯಾ ಮಗುವಿನಿಂದ ಮಗುವಿಗೆ ದಾಟುತ್ತಲೇ ಇತ್ತು. ಹಾಗಾದರೆ ಇಲ್ಲವಾಗಿದ್ದು ಏನು? ಆರ್‌ಎಸ್‌ವಿ (ಎಳೆ ಮಕ್ಕಳ ಶ್ವಾಸಕೋಶಕ್ಕೆ ತಗಲುವ ವೈರಸ್), ಫ್ಲೂ ಮತ್ತು ಅಂಥವೇ ಇನ್ನು ಕೆಲವು ವೈರಸ್‌ಗಳು. ಮರುವರ್ಷ ಆರ್‌ಎಸ್‌ವಿ ತನ್ನ ಕಾಲ ಬಿಟ್ಟು ಅಕಾಲದಲ್ಲಿ ಬಂತು. ಮಕ್ಕಳ ನ್ಯುಮೊಕಾಕಸ್ ಕಾಯಿಲೆಯೂ ಅದರ ಬೆನ್ನಿಗೇ ಏರಿತು.

ಇನ್ನೊಂದು ಮಾತು. ಮೇಡಂ ಹೇಳಿದ ಆ 26 ದೇಶಗಳ ಅಧ್ಯಯನದಲ್ಲಿ ಹೋಲಿಕೆಗೆ ಅಂತ ನಾಲ್ಕನೆಯ ಬ್ಯಾಕ್ಟೀರಿಯಾ ಒಂದನ್ನು ಇಟ್ಟುಕೊಂಡಿದ್ದರು. ಬಿ ಗುಂಪಿನ ಸ್ಟ್ರೆಪ್ಟೊಕಾಕಸ್. ಇದು ಕೆಮ್ಮಿನಿಂದ ಹರಡುವುದಲ್ಲ. ಎಳೆ ಕೂಸುಗಳಿಗೆ ಹೆಚ್ಚಾಗಿ ತಾಯಿಯಿಂದ, ಹೆರಿಗೆಯ ಹೊತ್ತಿನಲ್ಲಿ ದಾಟುತ್ತದೆ. ಅದರ ಸಂಖ್ಯೆ ಇಳಿಯಲೇ ಇಲ್ಲ. ಮಾದರಿ ಕಳಿಸುವವರು ಕಡಿಮೆಯಾದರು, ಅದಕ್ಕೇ ಸಂಖ್ಯೆ ಇಳಿಯಿತು ಅನ್ನುವವರಿಗೆ ಇದೇ ಉತ್ತರ. ಹಾಗಿದ್ದಿದ್ದರೆ ನಾಲ್ಕೂ ಇಳಿಯಬೇಕಿತ್ತು.

ಎರಡು ಮಕ್ಕಳ ಅಮ್ಮ:
ಇದು ನನಗೆ ಹೊಸದು. ಮೂಗಿನಲ್ಲೇ ಇದ್ದ ಬ್ಯಾಕ್ಟೀರಿಯಾ ಕಾಯಿಲೆ ತರಬೇಕಾದರೆ ವೈರಸ್ ಯಾಕೆ ಬೇಕು?

ಮಕ್ಕಳ ವೈದ್ಯೆ:
ನಮ್ಮ ಮೂಗು, ಗಂಟಲು, ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಮೇಲೆ ತೆಳುವಾದ ಲೋಳೆ. ಕೆಳಗಿಳಿಯುವ ಸೂಕ್ಷ್ಮಜೀವಿಗಳನ್ನು ಈ ಲೋಳೆ ಹಿಡಿಯುತ್ತದೆ, ರೋಮಗಳು ಮೇಲಕ್ಕೆ ತಳ್ಳುತ್ತವೆ. ಫ್ಲೂ ವೈರಸ್ ಈ ಒಳಗೋಡೆಯ ಕೋಶಗಳನ್ನು ಕೊಲ್ಲುತ್ತದೆ. ಅದರ ಮೈಮೇಲಿನ ಒಂದು ಕಿಣ್ವ ಕೋಶಗಳ ಮೇಲಿನ ಸಕ್ಕರೆಯ ಹೊದಿಕೆಯನ್ನು ಕತ್ತರಿಸುತ್ತದೆ. ಆಗ ಬ್ಯಾಕ್ಟೀರಿಯಾಗೆ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಕತ್ತರಿಸಿದ ಸಕ್ಕರೆಯೇ ಅದಕ್ಕೆ ಆಹಾರವೂ ಹೌದು. ಬೇಲಿ ಮುರಿದ ಹೊಲಕ್ಕೆ ದನ ನುಗ್ಗಿದ ಹಾಗೆ ಆಗುತ್ತದೆ. ದನ ಮೊದಲೇ ಅಲ್ಲೇ ಪಕ್ಕದಲ್ಲೇ ನಿಂತಿತ್ತು.

ಆರ್‌ಎಸ್‌ವಿ ಕೂಡ ನ್ಯುಮೊಕಾಕಸ್ ಅಂಟಿಕೊಳ್ಳಲು ದಾರಿ ಮಾಡಿಕೊಡುತ್ತದೆ. ಅದಕ್ಕೇ ನಾವು ತಂದೆ ತಾಯಿಗೆ ಪದೇ ಪದೇ ಹೇಳುವುದು, ನೆಗಡಿ ಜ್ವರ ಕಡಿಮೆಯಾಗಿ, ಮಗು ಎದ್ದು ಆಡತೊಡಗಿ, ಮತ್ತೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ ಬಂತು ಅಂದರೆ ಕಾಯಬೇಡಿ, ಕರೆದುಕೊಂಡು ಬನ್ನಿ. ಆ ಎರಡನೇ ಜ್ವರ ಬ್ಯಾಕ್ಟೀರಿಯಾದ್ದು ಇರಬಹುದು.

ಇತಿಹಾಸದ ಮೇಷ್ಟ್ರು:
ಈ ಎರಡನೇ ಜ್ವರಕ್ಕೆ ದೊಡ್ಡ ಚರಿತ್ರೆಯೇ ಇದೆ. 1918ರ ಫ್ಲೂನಲ್ಲಿ ಸತ್ತವರಲ್ಲಿ ಹೆಚ್ಚಿನವರು ಬರೀ ವೈರಸ್‌ನಿಂದ ಸತ್ತವರಲ್ಲ. ಆಗಿನ ಶವಪರೀಕ್ಷೆಗಳಲ್ಲಿ ಉಳಿದ ಶ್ವಾಸಕೋಶದ ತುಣುಕುಗಳನ್ನು ಅಮೆರಿಕದ ಸಂಶೋಧಕರು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಳೆಯ ವರದಿಗಳನ್ನೂ ಓದಿದರು. 2008ರಲ್ಲಿ ಅದನ್ನು ಪ್ರಕಟಿಸಿದರು. ಹೆಚ್ಚಿನ ಸಾವು ಫ್ಲೂ ಹಿಂದೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದ ಆಗಿತ್ತು. ನ್ಯುಮೊಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್, ಇವೇ. ಪೆನಿಸಿಲಿನ್ ಆಗ ಇರಲಿಲ್ಲ. ಫ್ಲೆಮಿಂಗ್ ಅದನ್ನು ಕಂಡದ್ದು 1928ರಲ್ಲಿ. ರೋಗಿಗಳ ಕೈಗೆ ಬಂದದ್ದು 1940ರ ದಶಕದಲ್ಲಿ.

ಇನ್ನೂ ಹಿಂದಕ್ಕೆ ಹೋದರೆ 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡ. ಫ್ಲೂಗೆ ಇದೇ ಕಾರಣ ಅಂದ. 1918ರಲ್ಲೂ ಬಹಳ ವೈದ್ಯರು ಹಾಗೇ ನಂಬಿದ್ದರು. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ. ಫೈಫರ್ ಕಂಡ ಬ್ಯಾಕ್ಟೀರಿಯಾವೇ ಹಿಮೋಫಿಲಸ್ ಇನ್‌ಫ್ಲುಯೆಂಜೆ. ಫ್ಲೂ ತರುವುದು ಅದಲ್ಲ. ಆದರೆ ಅದರ ಬಿ ಬಗೆ, ಅಂದರೆ ಹಿಬ್, ಲಸಿಕೆ ಬರುವ ಮೊದಲು ಪುಟ್ಟ ಮಕ್ಕಳ ಮೆನಿಂಜೈಟಿಸ್‌ಗೆ ಮುಖ್ಯ ಕಾರಣವಾಗಿತ್ತು.

2009ರ ಎಚ್1ಎನ್1 ಫ್ಲೂ ಮಹಾಮಾರಿ ಹೊತ್ತಿಗೆ ಆ್ಯಂಟಿಬಯೋಟಿಕ್, ಐಸಿಯು ಎಲ್ಲ ಇದ್ದವು. ಆದರೂ ಅಮೆರಿಕದಲ್ಲಿ ಸತ್ತ 77 ಜನರ ಶ್ವಾಸಕೋಶದ ಮಾದರಿ ನೋಡಿದಾಗ 22ರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಎಲ್ಲ ಮಹಾಮಾರಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೆ ಫ್ಲೂ ಮಹಾಮಾರಿ ಬಂದರೆ ಬ್ಯಾಕ್ಟೀರಿಯಾ ಅದರ ಜೊತೆಗೇ ಬರುತ್ತದೆ ಅಂತಲೇ ತಯಾರಾಗಬೇಕು.

ಲೆಕ್ಕದವ:
ಹಾಗಾದರೆ ಕೊರೊನಾದಲ್ಲಿ ಎಲ್ಲರಿಗೂ ಆ್ಯಂಟಿಬಯೋಟಿಕ್ ಕೊಟ್ಟಿದ್ದು ಸರಿಯೇ ಆಯಿತಲ್ಲ?

ಮಕ್ಕಳ ವೈದ್ಯೆ:
ಇಲ್ಲ. ಶುರುವಿನಲ್ಲಿ ಭಯ ಇತ್ತು, 1918ರ ನೆನಪೂ ಇತ್ತು. ಹಾಗಾಗಿ ಕೊಟ್ಟರು, ಅದು ಅರ್ಥವಾಗುತ್ತದೆ. ಆದರೆ ಕೊರೊನಾ ಫ್ಲೂ ಥರ ನಡೆದುಕೊಳ್ಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹೇಳಿದ ಲೆಕ್ಕ ನೋಡಿ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಆ್ಯಂಟಿಬಯೋಟಿಕ್ ಬೇಕಾಗುವಂಥ ಬ್ಯಾಕ್ಟೀರಿಯಾ ಸೋಂಕು ಇದ್ದದ್ದು ಶೇ 8 ಜನರಿಗೆ. ಆ್ಯಂಟಿಬಯೋಟಿಕ್ ಪಡೆದವರು ಸುಮಾರು ಶೇ 75. ಇದು ದೊಡ್ಡವರನ್ನೂ ಸೇರಿಸಿದ ಲೆಕ್ಕ, ಆದರೆ ಮಕ್ಕಳಿಗೂ ಬೇಕಿಲ್ಲದೆ ಕೊಟ್ಟದ್ದು ಕಡಿಮೆಯೇನಲ್ಲ. ಅಜಿಥ್ರೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಅಂತೂ ಕೊರೊನಾ ಮಾತ್ರೆ ಅನ್ನುವಂತೆ ಮನೆಮನೆಗೆ ಹೋಯಿತು. ಬ್ರಿಟನ್ನಿನ ರಿಕವರಿ ಅನ್ನುವ ದೊಡ್ಡ ಔಷಧ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಅದರಿಂದ ಲಾಭ ಇಲ್ಲ ಅಂತ ಗೊತ್ತಾದ ಮೇಲೂ ಅದು ನಿಲ್ಲಲಿಲ್ಲ.

ಲ್ಯಾಬ್ ಕೆಲಸಗಾರ:
ಇದರ ಪೆಟ್ಟು ನಮ್ಮ ಮೇಜಿನ ಮೇಲೆ ಕಾಣುತ್ತಿತ್ತು. ಬ್ಲಡ್ ಕಲ್ಚರ್ ಅಂದರೆ ಏನು ಅಂತ ಬಹಳ ಜನ ನೋಡಿರುವುದಿಲ್ಲ. ಮಗುವಿನ ರಕ್ತ ಒಂದೆರಡು ಎಂಎಲ್ ತೆಗೆದು ಪೋಷಕಾಂಶದ ದ್ರಾವಣ ಇರುವ ಬಾಟಲಿಗೆ ಹಾಕುತ್ತಾರೆ. ಬಾಟಲಿಯನ್ನು ಮೈಬಿಸಿಯಷ್ಟು ಬೆಚ್ಚಗಿನ ಯಂತ್ರದಲ್ಲಿ ಇಡುತ್ತೇವೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದು ಬೆಳೆದು ಗಾಳಿ ಬಿಡುತ್ತದೆ. ಬಾಟಲಿಯ ತಳದಲ್ಲಿರುವ ಬಿಲ್ಲೆ ಬಣ್ಣ ಬದಲಿಸುತ್ತದೆ, ಯಂತ್ರ ಕೂಗುತ್ತದೆ. ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡಿದರೆ ಎರಡೆರಡಾಗಿ ಜೋಡಿ ನಿಂತ ನೇರಳೆ ಬೊಟ್ಟುಗಳು. ಅದು ನ್ಯುಮೊಕಾಕಸ್ ಆಗಿದ್ದರೆ ತಕ್ಷಣ ವಾರ್ಡಿಗೆ ಫೋನ್ ಹೋಗುತ್ತದೆ, ಯಾವ ಹೊತ್ತೇ ಆಗಲಿ.

ಈಗ ಯೋಚಿಸಿ. ಮಗುವಿಗೆ ಮನೆಯಲ್ಲೇ ಎರಡು ಡೋಸ್ ಆ್ಯಂಟಿಬಯೋಟಿಕ್ ಹಾಕಿ ಆಮೇಲೆ ಕರೆದುಕೊಂಡು ಬಂದರೆ? ರಕ್ತದಲ್ಲಿನ ಬ್ಯಾಕ್ಟೀರಿಯಾ ಅರೆಜೀವ ಆಗಿರುತ್ತದೆ. ಬಾಟಲಿಯಲ್ಲಿ ಬೆಳೆಯುವುದಿಲ್ಲ. ನ್ಯುಮೊಕಾಕಸ್ ಮೊದಲೇ ನಾಜೂಕಿನದು, ತನ್ನಷ್ಟಕ್ಕೇ ಒಡೆದು ಹೋಗುವ ಗುಣ ಅದಕ್ಕೆ. ಯಂತ್ರ ಸುಮ್ಮನಿರುತ್ತದೆ. ರಿಪೋರ್ಟಿನಲ್ಲಿ ಏನೂ ಬೆಳೆದಿಲ್ಲ ಅಂತ ಬರುತ್ತದೆ. ಆದರೆ ಮಿದುಳಿನ ಪೊರೆಯಲ್ಲಿ ಅದು ಉಳಿದಿರಬಹುದು. ವೈದ್ಯರು ಯಾವ ಔಷಧಿ, ಎಷ್ಟು ದಿನ ಅಂತ ಕತ್ತಲಲ್ಲಿ ತಡಕಾಡಬೇಕು. ದಯವಿಟ್ಟು ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಹಾಕಬೇಡಿ. ಹಾಕಿದ್ದರೆ ಮುಚ್ಚಿಡಬೇಡಿ, ಮೊದಲು ಅದನ್ನೇ ಹೇಳಿ.

ಪುಟ್ಟಿಯ ಅಪ್ಪ:
ತಡವಾಗಿ ಹೋದದ್ದರ ಬಗ್ಗೆಯೂ ಮಾತಾಡಬೇಕು. ನಮ್ಮ ಮಗಳಿಗೆ ಆಗ ಒಂದು ವರ್ಷವೂ ಆಗಿರಲಿಲ್ಲ. ಜೋರು ಜ್ವರ, ವಾಂತಿ. ಕೆಮ್ಮಿಲ್ಲ, ಮೂಗು ಸೋರುತ್ತಿಲ್ಲ. ಕ್ಲಿನಿಕ್ ಬಾಗಿಲಲ್ಲೇ ನಿಲ್ಲಿಸಿ ಮೊದಲು ಕೋವಿಡ್ ರಿಪೋರ್ಟ್ ತನ್ನಿ ಅಂದರು. ಯಾವ ಕ್ಲಿನಿಕ್ ಅಂತ ಹೇಳುವುದಿಲ್ಲ, ಅವರೂ ಹೆದರಿದ್ದರು. ರಿಪೋರ್ಟ್ ಬರುವವರೆಗೆ ಮಗುವನ್ನು ಯಾರೂ ಮುಟ್ಟಿ ನೋಡಲಿಲ್ಲ. ನೆಗೆಟಿವ್ ಬಂದ ಮೇಲೆ ಮೂತ್ರ ಪರೀಕ್ಷೆ ಮಾಡಿದರು. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ಮಗಳು ಈಗ ಚೆನ್ನಾಗಿದ್ದಾಳೆ. ಆದರೆ ಬಾಗಿಲಲ್ಲಿ ನಿಂತ ಆ ಹೊತ್ತು ನನ್ನ ಹೆಂಡತಿಗೆ ಇವತ್ತಿಗೂ ಮರೆತಿಲ್ಲ.

ಮಕ್ಕಳ ವೈದ್ಯೆ:
ಸರ್, ನಿಮ್ಮ ಮಗಳು ಹುಷಾರಾದದ್ದು ಕೇಳಿ ಸಮಾಧಾನ ಆಯಿತು. ನೀವು ಬರೆದದ್ದು ಈ ಚರ್ಚೆಗೆ ಬಹಳ ಮುಖ್ಯ.

ಮೂತ್ರದ ಸೋಂಕು ಗಾಳಿಯಿಂದ ಬರುವುದಲ್ಲ. ಹೆಚ್ಚಾಗಿ ಮಗುವಿನ ಸ್ವಂತ ಕರುಳಿನ ಇ ಕೋಲೈ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದಕ್ಕೆ ಲಾಕ್‌ಡೌನ್ ಗೊತ್ತಿಲ್ಲ, ಮಾಸ್ಕ್ ಗೊತ್ತಿಲ್ಲ. ಮೂಳೆ ಕೀಲಿನ ಸೋಂಕು ತರುವ ಸ್ಟ್ಯಾಫಿಲೊಕಾಕಸ್ ಕೂಡ ನಮ್ಮ ಚರ್ಮ, ಮೂಗಿನಲ್ಲೇ ಇರುವುದು. ನೆಗಡಿಯ ವೈರಸ್‌ಗಳು ಮಾಯವಾದಾಗ ಸಾದಾ ಜ್ವರದ ಮಕ್ಕಳು ಕಡಿಮೆಯಾದರು, ಇಂಥ ಸೋಂಕಿನ ಮಕ್ಕಳು ಉಳಿದರು. ಅಂದರೆ ಜ್ವರ ಅಂತ ಬಾಗಿಲಿಗೆ ಬಂದ ಒಂದೊಂದು ಮಗುವಿನಲ್ಲೂ ದೊಡ್ಡ ಸೋಂಕು ಇರುವ ಸಾಧ್ಯತೆ ಮೊದಲಿಗಿಂತ ಜಾಸ್ತಿ. ಅದೇ ಹೊತ್ತಿನಲ್ಲಿ ನಾವು ಬಾಗಿಲು ಕಿರಿದು ಮಾಡಿದೆವು. ನನಗೆ ಇದನ್ನು ನೆನೆದರೆ ಸಂಕಟವಾಗುತ್ತದೆ.

ಇಟಲಿಯಲ್ಲಿ 2020ರ ಮಾರ್ಚ್‌ನಲ್ಲಿ ಕೆಲವು ಮಕ್ಕಳ ತುರ್ತು ಚಿಕಿತ್ಸಾ ಘಟಕಗಳಿಗೆ ಬರುವವರ ಸಂಖ್ಯೆ ಶೇ 73ರಿಂದ 88ರಷ್ಟು ಕುಸಿಯಿತು. ಅಲ್ಲಿನ ವೈದ್ಯರು ತಡವಾಗಿ ಬಂದ 12 ಮಕ್ಕಳ ವಿವರ ಬರೆದರು. ಅವರಲ್ಲಿ 4 ಮಕ್ಕಳು ಉಳಿಯಲಿಲ್ಲ. 12ರಲ್ಲಿ ಯಾವ ಮಗುವಿಗೂ ಕಾಯಿಲೆ ಕೊರೊನಾದ್ದಾಗಿರಲಿಲ್ಲ. ಕೆಲವರನ್ನು ಭಯದಿಂದ ಮನೆಯವರೇ ಕರೆತಂದಿರಲಿಲ್ಲ. ಕೆಲವರಿಗೆ ಫೋನ್ ಮಾಡಿದರೂ ನೋಡುವವರು ಸಿಕ್ಕಿರಲಿಲ್ಲ. ಸೆಪ್ಸಿಸ್, ಅಂದರೆ ಸೋಂಕಿನಿಂದ ಇಡೀ ಮೈ ಕುಸಿಯುವ ಸ್ಥಿತಿ, ಅದರಲ್ಲಿ ಗಂಟೆಗಳ ಲೆಕ್ಕ. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಐಸಿಯುನಲ್ಲಿ ಇರಬಹುದು.

ವಾರ್ಡ್ ಸಿಸ್ಟರ್:
ಫೋನಿನಲ್ಲಿ, ವಿಡಿಯೋದಲ್ಲಿ ಮಗುವನ್ನು ನೋಡುವುದು ಆಗ ಶುರುವಾಯಿತು, ಈಗಲೂ ಇದೆ. ಮನೆಯವರಿಗೆ ನಾನು ಮೊದಲು ಹೇಳಿಕೊಡುವುದು ಉಸಿರು ಎಣಿಸುವುದನ್ನು. ಇಲ್ಲೂ ಹೇಳುತ್ತೇನೆ.

ಮಗು ಅಳಬಾರದು, ಹಾಲು ಕುಡಿಯುತ್ತಿರಬಾರದು. ಮಲಗಿದ್ದರೆ ಒಳ್ಳೆಯದು. ಅಂಗಿ ಎದೆಯವರೆಗೆ ಮೇಲೆತ್ತಿ. ಬೆಳಕು ಬರುವ ಕಡೆ ಮಲಗಿಸಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಪುಟ್ಟ ಮಕ್ಕಳು ನಡುನಡುವೆ ಉಸಿರು ನಿಧಾನ ಮಾಡುತ್ತವೆ, ಲೆಕ್ಕ ತಪ್ಪುತ್ತದೆ. 2 ತಿಂಗಳಿಗಿಂತ ಚಿಕ್ಕ ಕೂಸಿಗೆ 60 ಅಥವಾ ಮೇಲೆ, 2 ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಮೇಲೆ, 1ರಿಂದ 5 ವರ್ಷದೊಳಗೆ 40 ಅಥವಾ ಮೇಲೆ ಬಂದರೆ ಅದು ಜೋರು ಉಸಿರು. ಹಾಗೇ ಪಕ್ಕೆಲುಬಿನ ಕೆಳಗಿನ ಭಾಗ ನೋಡಿ. ಉಸಿರು ತೆಗೆದುಕೊಳ್ಳುವಾಗ ಅದು ಒಳಕ್ಕೆ ಸೆಳೆದುಕೊಂಡು ಗುಳಿ ಬೀಳುತ್ತಿದ್ದರೆ ಸಂಖ್ಯೆ ಎಷ್ಟೇ ಇರಲಿ, ಹೊರಡಿ.

ಮಗು ಹಾಲು ಕುಡಿಯಲೊಲ್ಲದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳುವುದಿಲ್ಲ, ಇವುಗಳಲ್ಲಿ ಒಂದಿದ್ದರೂ ಫೋನ್ ಮಾಡುತ್ತ ಕೂರಬೇಡಿ. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಬಂದಿದ್ದರೆ ಗಾಜಿನ ಲೋಟದ ಬದಿಯಿಂದ ಒತ್ತಿ ನೋಡಿ. ಒತ್ತಿದರೂ ಚುಕ್ಕೆ ಮಾಸದಿದ್ದರೆ ತಕ್ಷಣ ಆಸ್ಪತ್ರೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಚುಕ್ಕೆ ಬೇಗ ಕಾಣುವುದಿಲ್ಲ. ಅಂಗೈ, ಅಂಗಾಲು, ಹೊಟ್ಟೆ, ಕಣ್ಣಿನ ರೆಪ್ಪೆಯ ಒಳಭಾಗ ನೋಡಿ.

ಎರಡು ಮಕ್ಕಳ ಅಮ್ಮ:
ಸಿಸ್ಟರ್, ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ ನಮ್ಮ ಮನೆಯಲ್ಲಿ ಇದೆ. ಅದು 97 ತೋರಿಸಿದರೆ ಧೈರ್ಯವಾಗಿರಬಹುದಾ?

ವಾರ್ಡ್ ಸಿಸ್ಟರ್:
ಅದನ್ನೇ ನಂಬಿ ಕೂರಬೇಡಿ ಅಕ್ಕ. ದೊಡ್ಡವರ ಬೆರಳಿನದು ಕೂಸಿನ ಬೆರಳಿಗೆ ಸರಿ ಕೂರುವುದಿಲ್ಲ, ಕೈ ಆಡಿಸಿದರೆ ತಪ್ಪು ತೋರಿಸುತ್ತದೆ. ಕಪ್ಪು ಚರ್ಮದಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ರಕ್ತದಲ್ಲಿ ಸೋಂಕು ಇರುವ ಮಗುವಿಗೂ ಮೊದಮೊದಲು ಆಕ್ಸಿಜನ್ ಸರಿಯಾಗೇ ಇರಬಹುದು.

ಹೊಸ ಅಮ್ಮ:
ನನ್ನ ಪ್ರಶ್ನೆ ಸ್ವಲ್ಪ ಬೇರೆ. ಒಂದೂವರೆ ತಿಂಗಳ ಕೂಸಿಗೆ ಜ್ವರ ಬಂದು, ಪರೀಕ್ಷೆ ಮಾಡಿದಾಗ ಕೊರೊನಾ ಪಾಸಿಟಿವ್ ಬಂದರೆ ಕಾರಣ ಸಿಕ್ಕಿತು ಅಂತ ಬಿಡಬಹುದಾ? ಮೆನಿಂಜೈಟಿಸ್ ಇದೆಯಾ ಅಂತ ನೋಡಲು ಬೆನ್ನಿನಿಂದ ನೀರು ತೆಗೆಯುವುದು ಅಂದರೆ ನನಗೆ ಭಯ.

ಮಕ್ಕಳ ವೈದ್ಯೆ:
ಭಯ ಆಗುವುದು ಸಹಜ. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದೆ. 60 ದಿನದೊಳಗಿನ, ಜ್ವರ ಬಂದ 14,402 ಕೂಸುಗಳನ್ನು ಒಂದು ಅಂತರರಾಷ್ಟ್ರೀಯ ಅಧ್ಯಯನ ನೋಡಿತು. 2023ರಲ್ಲಿ ಪ್ರಕಟವಾಯಿತು. ಕೊರೊನಾ ನೆಗೆಟಿವ್ ಇದ್ದ ಕೂಸುಗಳಲ್ಲಿ ಶೇ 7.6ಕ್ಕೆ ಮೂತ್ರದ ಸೋಂಕು ಇತ್ತು, ಪಾಸಿಟಿವ್ ಇದ್ದವರಲ್ಲಿ ಶೇ 0.8. ರಕ್ತದ ಸೋಂಕು ನೆಗೆಟಿವ್‌ನಲ್ಲಿ ಶೇ 2.1, ಪಾಸಿಟಿವ್‌ನಲ್ಲಿ ಶೇ 0.2. ಮೆನಿಂಜೈಟಿಸ್ ನೆಗೆಟಿವ್‌ನಲ್ಲಿ ಶೇ 0.5, ಪಾಸಿಟಿವ್‌ನಲ್ಲಿ ಶೇ 0.1ಕ್ಕಿಂತ ಕಡಿಮೆ.

ಅಂದರೆ ಪಾಸಿಟಿವ್ ಬಂದರೆ ಅಪಾಯ ನಿಜವಾಗಿ ಬಹಳ ಇಳಿಯುತ್ತದೆ. ಚೆನ್ನಾಗಿ ಹಾಲು ಕುಡಿಯುತ್ತಿರುವ, ಲವಲವಿಕೆಯ ಕೂಸಿಗೆ ಬೆನ್ನಿನ ಸೂಜಿ ತಪ್ಪಬಹುದು. ಆದರೆ ಸೊನ್ನೆ ಆಗುವುದಿಲ್ಲ. ಮೂತ್ರ ಪರೀಕ್ಷೆ ಸುಲಭದ್ದು, ಅದನ್ನು ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ ಜ್ವರ ಬಂದರೆ ಅದೇ ದಿನ ವೈದ್ಯರು ಮುಟ್ಟಿ ನೋಡಲೇಬೇಕು. ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಬಂತು ಅಂತ ಮನೆಯಲ್ಲಿ ನಿರ್ಧರಿಸುವ ವಿಷಯ ಇದಲ್ಲ.

ಲ್ಯಾಬ್ ಕೆಲಸಗಾರ:
ಕೊರೊನಾ ಬಂದು ಹೋದ ಮೇಲೆ ಕೆಲವು ಮಕ್ಕಳಿಗೆ ಬರುವ ಮಿಸ್-ಸಿ ಬಗ್ಗೆಯೂ ಒಂದು ಮಾತು ಹೇಳಿ ಮೇಡಂ. ಆಗ ನಮಗೆ ಬಂದ ಎಷ್ಟೋ ಬಾಟಲಿಗಳ ಮೇಲೆ ಸೆಪ್ಸಿಸ್ ಅಥವಾ ಮಿಸ್-ಸಿ ಅಂತ ಎರಡನ್ನೂ ಬರೆದಿರುತ್ತಿದ್ದರು.

ಮಕ್ಕಳ ವೈದ್ಯೆ:
ಹೌದು, ಯಾಕೆಂದರೆ ಮಂಚದ ಪಕ್ಕ ನಿಂತು ನೋಡಿದರೆ ಎರಡೂ ಒಂದೇ ಥರ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಮೊದಲು ಎಚ್ಚರಿಸಿದರು. ಕೊರೊನಾ ಬಂದು ಹೋದ 2ರಿಂದ 6 ವಾರಕ್ಕೆ ಕೆಲವು ಮಕ್ಕಳಲ್ಲಿ ಇಡೀ ಮೈ ಉರಿಯೂತಕ್ಕೆ ಸಿಲುಕುತ್ತದೆ. ಜ್ವರ, ಕೆಂಪು ಕಣ್ಣು, ಮೈಮೇಲೆ ಗಂಧೆ, ಹೊಟ್ಟೆನೋವು, ಬಿಪಿ ಕುಸಿತ. ಬ್ಯಾಕ್ಟೀರಿಯಾ ಸೆಪ್ಸಿಸ್‌ನಲ್ಲೂ ಇದೇ ಲಕ್ಷಣಗಳು ಬರಬಹುದು. ಮಿಸ್-ಸಿಗೆ ಸ್ಟೀರಾಯ್ಡ್, ಇಮ್ಯುನೊಗ್ಲೋಬುಲಿನ್ (ರಕ್ತಕ್ಕೆ ಕೊಡುವ ಪ್ರತಿಕಾಯಗಳು) ಬೇಕು. ಸೆಪ್ಸಿಸ್‌ಗೆ ಆ್ಯಂಟಿಬಯೋಟಿಕ್ ತಕ್ಷಣ ಬೇಕು. ಹಾಗಾಗಿ ಕಲ್ಚರ್‌ಗೆ ರಕ್ತ ತೆಗೆದು, ಆ್ಯಂಟಿಬಯೋಟಿಕ್ ಶುರು ಮಾಡಿ, ವರದಿ ಬಂದ ಮೇಲೆ ನಿಲ್ಲಿಸುತ್ತಿದ್ದೆವು. ಇಲ್ಲಿ ಆ್ಯಂಟಿಬಯೋಟಿಕ್ ಕೊಟ್ಟದ್ದು ತಪ್ಪಲ್ಲ. ಆಗಲೇ ಹೇಳಿದ ಅಜಿಥ್ರೊಮೈಸಿನ್ ಕಥೆಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಲೆಕ್ಕದವ:
ನಾನು ಒಂದು ವಿಷಯ ಎತ್ತುತ್ತೇನೆ. ಮಕ್ಕಳನ್ನು ಮನೆಯೊಳಗೇ ಇಟ್ಟು ಅವರ ಶಕ್ತಿ ಕುಂದಿಸಿದೆವು, ಅದಕ್ಕೇ 2022ರಲ್ಲಿ ಸೋಂಕುಗಳು ಮುಗಿಬಿದ್ದವು ಅನ್ನುತ್ತಾರೆ. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಸ್ಟ್ರೆಪ್, ಅಂದರೆ ಎ ಗುಂಪಿನ ಸ್ಟ್ರೆಪ್ಟೊಕಾಕಸ್‌ನಿಂದ ಮಕ್ಕಳು ಸತ್ತರಲ್ಲ. ಲಾಕ್‌ಡೌನ್ ಮಾಡದೇ ಇದ್ದಿದ್ದರೆ ಒಳ್ಳೆಯದಿತ್ತು ಅಂತ ಅಲ್ವಾ ಅರ್ಥ?

ಮಕ್ಕಳ ವೈದ್ಯೆ:
ನೀವು ಹೇಳಿದ ಘಟನೆ ನಿಜ. ಅದರಿಂದ ನೀವು ತೆಗೆದ ತೀರ್ಮಾನ ನಾನು ಒಪ್ಪುವುದಿಲ್ಲ.

2022ರ ಡಿಸೆಂಬರ್ 15ರಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು, ಫ್ರಾನ್ಸ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ವೀಡನ್, ಬ್ರಿಟನ್ ಈ ಐದು ದೇಶಗಳಲ್ಲಿ ಎ ಗುಂಪಿನ ಸ್ಟ್ರೆಪ್ಟೊಕಾಕಸ್‌ನ ದೊಡ್ಡ ಸೋಂಕುಗಳು ಏರಿವೆ, 10 ವರ್ಷದೊಳಗಿನ ಮಕ್ಕಳೇ ಹೆಚ್ಚು ಅಂತ. ಗಂಟಲುನೋವು, ಸ್ಕಾರ್ಲೆಟ್ ಜ್ವರ ತರುವ ಸಾದಾ ಬ್ಯಾಕ್ಟೀರಿಯಾ ಇದು. ರಕ್ತಕ್ಕೆ, ಶ್ವಾಸಕೋಶದ ಹೊರಪೊರೆಗೆ, ಮಾಂಸಖಂಡಕ್ಕೆ ಇಳಿದರೆ ಮಾತ್ರ ಕ್ರೂರ.

ಒಂದೊಂದು ಮಗುವಿನ ರೋಗನಿರೋಧಕ ಶಕ್ತಿ ಬಳಸದೆ ಕುಗ್ಗಿತು ಅನ್ನುವುದು ಸರಿಯಲ್ಲ. ಮನೆಯಲ್ಲಿದ್ದ ಮಗುವಿನ ರೋಗನಿರೋಧಕ ವ್ಯವಸ್ಥೆ ಕೆಡುವುದಿಲ್ಲ. ಆದದ್ದು ಬೇರೆ. ಎರಡು ವರ್ಷಗಳಲ್ಲಿ ಹುಟ್ಟಿದ, ಬೆಳೆದ ಮಕ್ಕಳು ಆರ್‌ಎಸ್‌ವಿ, ಫ್ಲೂ, ಸೀತಾಳೆ ಸಿಡುಬು, ಸ್ಟ್ರೆಪ್ ಏನನ್ನೂ ಕಂಡಿರಲಿಲ್ಲ. ತಾಯಂದಿರಿಗೂ ಇತ್ತೀಚೆಗೆ ಆರ್‌ಎಸ್‌ವಿ ತಗಲಿರಲಿಲ್ಲ, ಕೂಸಿಗೆ ದಾಟುವ ಪ್ರತಿಕಾಯ ಕಡಿಮೆ ಇತ್ತು. ನಿರ್ಬಂಧ ತೆಗೆದಾಗ ಎರಡು ಮೂರು ವರ್ಷದ ಮಕ್ಕಳು ಒಟ್ಟಿಗೇ ಒಂದೇ ಚಳಿಗಾಲದಲ್ಲಿ ಎಲ್ಲ ವೈರಸ್‌ಗೂ ಸಿಕ್ಕರು. ವೈರಸ್ ಹಿಂದೆ ಬ್ಯಾಕ್ಟೀರಿಯಾ ಬಂತು. ಜೊತೆಗೆ ಬ್ರಿಟನ್ನಿನಲ್ಲಿ ಜಾಸ್ತಿ ವಿಷ ಉತ್ಪಾದಿಸುವ ಎಂ1ಯುಕೆ ಅನ್ನುವ ಸ್ಟ್ರೆಪ್ ತಳಿ ಮಹಾಮಾರಿಗೆ ಮೊದಲೇ ಹರಡಿತ್ತು.

ನಿರ್ಬಂಧ ಸರಿಯೋ ತಪ್ಪೋ ಅನ್ನುವ ವಾದ ಬೇರೆ ಇಟ್ಟುಕೊಳ್ಳೋಣ. ನನಗೆ ಬೇಕಾದದ್ದು ಇಷ್ಟು. ನಿರ್ಬಂಧ ತೆಗೆಯುವ ದಿನವೇ ಮಕ್ಕಳ ವಾರ್ಡಿನಲ್ಲಿ ಹಾಸಿಗೆ, ಸಿಬ್ಬಂದಿ, ಅಮಾಕ್ಸಿಸಿಲಿನ್ ಸಿರಪ್ ತಯಾರಿರಬೇಕಿತ್ತು. 2022ರ ಕೊನೆಗೆ ಎಷ್ಟೋ ದೇಶಗಳಲ್ಲಿ ಆ ಸಿರಪ್ಪಿಗೇ ತತ್ವಾರ ಬಂತು. ಸ್ಟ್ರೆಪ್‌ಗೆ ಅಷ್ಟು ಹಳೆಯ, ಅಷ್ಟು ಒಳ್ಳೆಯ ಔಷಧಿ, ಬೇಕಾದಾಗ ಸಿಗಲಿಲ್ಲ.

ಇತಿಹಾಸದ ಮೇಷ್ಟ್ರು:
ಒಂದೊಂದು ಸೋಂಕು ಮರಳಿದ್ದು ಒಂದೊಂದು ಹೊತ್ತಿಗೆ ಅನ್ನುವುದೂ ಗಮನಿಸಬೇಕಾದ್ದು. ಮೈಕೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾ ಮೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲೂ ಅಷ್ಟಾಗಿ ಕಾಣಲಿಲ್ಲ. 2023ರಲ್ಲಿ ಏಷ್ಯಾ, ಯುರೋಪ್‌ಗಳಲ್ಲಿ ಮಕ್ಕಳನ್ನು ಹಿಡಿಯಿತು. ನಾಯಿಕೆಮ್ಮು 2024ರಲ್ಲಿ ಹಲವು ದೇಶಗಳಲ್ಲಿ ಜೋರಾಯಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇನಲ್ಲಿ ಕೋವಿಡ್ ತುರ್ತು ಸ್ಥಿತಿ ಹಿಂತೆಗೆದುಕೊಂಡಿತು, ಆದರೆ ಮಕ್ಕಳ ಮಟ್ಟಿಗೆ ಮಹಾಮಾರಿಯ ಬಾಲ ಇನ್ನೂ ಉಳಿದೇ ಇತ್ತು.

ವಾರ್ಡ್ ಸಿಸ್ಟರ್:
ಮೈಕೊಪ್ಲಾಸ್ಮಾಗೆ ಕೋಶದ ಗೋಡೆಯೇ ಇಲ್ಲ, ಹಾಗಾಗಿ ಅಮಾಕ್ಸಿಸಿಲಿನ್ ಅದಕ್ಕೆ ನಾಟುವುದಿಲ್ಲ. ಕಳೆದ ಸಲ ಕೊಟ್ಟ ಔಷಧಿಯನ್ನೇ ಈ ಸಲವೂ ಕೊಡಿ ಅಂತ ಕೇಳುವವರಿಗೆ ಹೇಳುತ್ತಿದ್ದೇನೆ. ಇನ್ನು ನಾಯಿಕೆಮ್ಮು ಎಳೆ ಕೂಸಿನಲ್ಲಿ ಕೆಮ್ಮಾಗಿ ಕಾಣದೇ ಇರಬಹುದು. ಉಸಿರು ನಿಂತು ನಿಂತು ಬರುತ್ತದೆ, ತುಟಿ ನೀಲಿಯಾಗುತ್ತದೆ. ಬಸುರಿನಲ್ಲಿ ತಾಯಿಗೆ ನಾಯಿಕೆಮ್ಮಿನ ಲಸಿಕೆ ಹಾಕಿದರೆ ಕೂಸಿಗೆ ಮೊದಲ ತಿಂಗಳುಗಳಲ್ಲಿ ರಕ್ಷಣೆ ಸಿಗುತ್ತದೆ.

ಮಕ್ಕಳ ವೈದ್ಯೆ:
ಲಸಿಕೆ ಮಾತು ಬಂದದ್ದು ಒಳ್ಳೆಯದಾಯಿತು. ಮಹಾಮಾರಿಯ ಪೆಟ್ಟುಗಳಲ್ಲಿ ನನಗೆ ಬಹಳ ನೋವು ಕೊಡುವುದು ಇದು, ಯಾಕೆಂದರೆ ಇದನ್ನು ತಡೆಯಬಹುದಿತ್ತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆಯ ಮೂರು ಡೋಸ್ ಪಡೆದ ಮಕ್ಕಳು ಜಗತ್ತಿನಲ್ಲಿ 2019ರಲ್ಲಿ ಶೇ 86 ಇದ್ದರು. 2021ರಲ್ಲಿ ಶೇ 81ಕ್ಕೆ ಇಳಿದರು. ಆ ಒಂದು ವರ್ಷದಲ್ಲಿ 2.5 ಕೋಟಿ ಮಕ್ಕಳಿಗೆ ಒಂದಾದರೂ ಡೋಸ್ ತಪ್ಪಿತು. ಅವರಲ್ಲಿ 1.8 ಕೋಟಿ ಮಕ್ಕಳಿಗೆ ಒಂದು ಡೋಸೂ ಸಿಗಲಿಲ್ಲ. ಮೂವತ್ತು ವರ್ಷಗಳಲ್ಲಿ ಇಂಥ ಹಿನ್ನಡೆ ಆಗಿರಲಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ಹೇಳಿದವು. ಬಹಳ ದೇಶಗಳಲ್ಲಿ ಹಿಬ್ ಲಸಿಕೆ ಈ ಚುಚ್ಚುಮದ್ದಿನ ಒಳಗೇ ಇರುತ್ತದೆ. ನ್ಯುಮೊಕಾಕಸ್ ಲಸಿಕೆಯೂ ಅದೇ ಭೇಟಿಯಲ್ಲಿ ಹಾಕುವಂಥದ್ದು. ಒಂದು ಭೇಟಿ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಹೊಸ ಅಮ್ಮ:
ನಮ್ಮ ಅಕ್ಕನ ಮಗನಿಗೆ ಆಗ ಒಂದು ಡೋಸ್ ಆದ ಮೇಲೆ ನಿಂತುಹೋಗಿತ್ತು. ಹೀಗೆ ಮಧ್ಯ ನಿಂತರೆ ಮತ್ತೆ ಮೊದಲಿಂದ ಶುರು ಮಾಡಬೇಕಾ? ಅದಕ್ಕೇ ಹೆದರಿ ಅವಳು ಹೋಗಲೇ ಇಲ್ಲ.

ಮಕ್ಕಳ ವೈದ್ಯೆ:
ಬೇಡ, ಮೊದಲಿಂದ ಶುರು ಮಾಡಬೇಕಾಗಿಲ್ಲ. ಎಷ್ಟೇ ತಡವಾಗಿದ್ದರೂ ಹಾಕಿದ ಡೋಸ್ ಲೆಕ್ಕಕ್ಕೆ ಬರುತ್ತದೆ. ನಿಂತಲ್ಲಿಂದ ಮುಂದುವರಿಸುತ್ತಾರೆ. ಹಿಬ್, ನ್ಯುಮೊಕಾಕಸ್ ಲಸಿಕೆಗಳು ಆರೋಗ್ಯವಾಗಿರುವ ಮಕ್ಕಳಿಗೆ ಸಾಮಾನ್ಯವಾಗಿ 5 ವರ್ಷದೊಳಗೆ ಮಾತ್ರ ಬೇಕು. ಹುಡುಗ ಆ ವಯಸ್ಸು ದಾಟಿದ್ದರೆ ಅವು ಬೇಕಾಗದೇ ಇರಬಹುದು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರ ಲಸಿಕೆಗಳನ್ನು ಈಗಲೂ ಹಾಕಿಸಬಹುದು, ಹಾಕಿಸಲೇಬೇಕು. ಲಸಿಕೆ ಕಾರ್ಡ್ ತೆಗೆದುಕೊಂಡು ಹೋಗಲು ಹೇಳಿ. ಕಾರ್ಡ್ ಕಳೆದಿದ್ದರೂ ಹೋಗಲಿ, ತಡ ಯಾಕಾಯಿತು ಅಂತ ಯಾರೂ ಬೈಯಬಾರದು. ಬೈದರೆ ಇನ್ನೊಬ್ಬ ವೈದ್ಯರ ಹತ್ತಿರ ಹೋಗಲಿ.